ಫಾಂಗಮ್ಮನ ಗರಡಿ

ಕಳೆದ ತಿಂಗಳು ನಾರ್ತ್ ಕ್ಯಾರೊಲೈನಾದ ಏಪೆಕ್ಸ್ ಊರಿನ ನಮ್ಮ ಮನೆಗೆ ಬಂದಿದ್ದ ಗೆಳತಿ ಸುಮಾ ಸೋಫಾದ ಮೇಲೆ ಕೂತು ಮಂಡಿಗೆ ಏನೋ ಎಣ್ಣೆ ಹಚ್ಚಿಕೊಂಡಳು. ಸಣ್ಣ ಗಾಜಿನ ಸೀಸೆ, ಮೇಲೆ ಕೆಂಪು ಚೀನೀ ಅಕ್ಷರಗಳು. ಮುಚ್ಚಳ ತೆಗೆದದ್ದೇ ತಡ, ಕರ್ಪೂರ, ಲವಂಗ, ಒದ್ದೆ ತೊಗಟೆ ಎಲ್ಲ ಕಲಸಿದಂಥ ವಾಸನೆ ಹಾಲಿನ ತುಂಬ ಹರಡಿತು. "ಸಾರಿ ಕಣೆ, ಸ್ಮೆಲ್ ಸ್ವಲ್ಪ ಸ್ಟ್ರಾಂಗು," ಅಂದಳು. ನಾನು ಸೀಸೆ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದೆ. ಬಿಡಲು ಮನಸ್ಸಾಗಲಿಲ್ಲ. ಕಾಫಿ ಮಾಡಲೆಂದು ಎದ್ದವಳು ಕಾಫಿ ಮರೆತು, ಆ ಮಧ್ಯಾಹ್ನವೆಲ್ಲ ಅವಳಿಗೆ ಒಂದು ಬೇಸಿಗೆಯ ವಿಷಯ ಹೇಳಿದೆ. ಹೇಳಿದ್ದು ಸಾಲದೆನಿಸಿ ಈಗ ಬರೆಯುತ್ತಿದ್ದೇನೆ.

ಅಟ್ಲಾಂಟಾದಲ್ಲಿ ಒಲಿಂಪಿಕ್ಸ್ ನಡೆದ ಮರುವರ್ಷ ಅದು. ನಾವಾಗ ಊರಿನ ಉತ್ತರಕ್ಕೆ, ನಾರ್ಕ್ರಾಸ್‌ನಲ್ಲಿ, ಎರಡನೇ ಮಹಡಿಯ ಅಪಾರ್ಟ್‌ಮೆಂಟಿನಲ್ಲಿದ್ದೆವು. ನನ್ನ ಗಂಡ ರಘು ಎರಡು ಸಾವಿರದ ಇಸವಿ ಬರುವುದರೊಳಗೆ ಹಳೆಯ ಕಂಪ್ಯೂಟರ್ ಪ್ರೋಗ್ರಾಮುಗಳ ತಾರೀಖು ಸರಿಪಡಿಸುವ ಕೆಲಸದಲ್ಲಿದ್ದ. ನನ್ನದು ಗಂಡನ ವೀಸಾದ ಬೆನ್ನಿಗೆ ಅಂಟಿಕೊಂಡು ಬಂದ ವೀಸಾ, ಕೆಲಸ ಮಾಡುವಂತಿರಲಿಲ್ಲ. ಮೈಸೂರಿನ ಟೆಲಿಫೋನ್ ಆಫೀಸಿನಲ್ಲಿ ದಿನಕ್ಕೆ ನೂರು ಜನರ ಹತ್ತಿರ ಮಾತಾಡುತ್ತಿದ್ದವಳು ಇಲ್ಲಿ ವಾಷಿಂಗ್ ಮೆಷೀನಿನ ಜೊತೆ ಮಾತಾಡಲು ಶುರುಮಾಡಿದ್ದೆ.

ಮೇ ತಿಂಗಳಲ್ಲಿ, ಅಮ್ಮನ ವರ್ಷದ ತಿಥಿ ಮುಗಿಸಿಕೊಂಡು ಅಪ್ಪ ಬಂದರು. ಆರು ತಿಂಗಳ ಮಟ್ಟಿಗೆ. ಏರ್‌ಪೋರ್ಟಿನಿಂದ ಬರುವಾಗ ಕಾರಿನಲ್ಲಿ ಅವರು ಆಡಿದ ಮೊದಲ ಮಾತು, "ಹೋದ ವರ್ಷವೇ ಕರೆಸ್ಕೊಂಡಿದ್ರೆ ಕುಸ್ತಿನಾದ್ರೂ ನೋಡ್ತಿದ್ದೆ."

ಅಪ್ಪ ಮೈಸೂರಿನಲ್ಲಿ ಪೈಲ್ವಾನ್ ನಂಜಪ್ಪನವರು. ರಿಟೈರ್ ಆಗುವವರೆಗೆ ಹಗಲು ರೇಷ್ಮೆ ಕಾರ್ಖಾನೆಯಲ್ಲಿ ಕೆಲಸ. ಬೆಳಗಿನ ಜಾವ ಮತ್ತು ಸಂಜೆ ನಮ್ಮ ಬೀದಿಯ ಕೊನೆಯ ಗರಡಿ ಮನೆಯಲ್ಲಿ ಉಸ್ತಾದರು. ಮೂವತ್ತು ವರ್ಷ ಬೀದಿಬೀದಿಯ ಹುಡುಗರಿಗೆ ಸಾಮು ಕಲಿಸಿದವರು. ಎರಡು ಕಿವಿಯೂ ಕುಸ್ತಿಯಲ್ಲಿ ತಿಕ್ಕಿ ತಿಕ್ಕಿ ಮುದುಡಿ, ಒಣ ಅಂಜೂರದ ಹಾಗೆ ಗಂಟಾಗಿದ್ದವು. ಅರವತ್ತಾರು ವರ್ಷಕ್ಕೂ ಎದೆ ಬಾಗಿಲಿನಷ್ಟು ಅಗಲ. ಆದರೆ ಅಮ್ಮ ಹೋದ ಮೇಲೆ ಆ ಎದೆಯೊಳಗಿಂದ ಮಾತು ಬರುವುದು ನಿಂತುಹೋಗಿತ್ತು.

ಬಂದ ಎರಡನೇ ದಿನ ಬೆಳಿಗ್ಗೆ ಐದಕ್ಕೆ ಎದ್ದು ಹಾಲಿನಲ್ಲಿ ಬಸ್ಕಿ ಹೊಡೆದರು. ಏಳಕ್ಕೆ ಕೆಳಗಿನ ಮನೆಯ ಹೆಂಗಸು ಬಾಗಿಲು ತಟ್ಟಿ, "ಮೇಲೆ ಕುದುರೆ ಸಾಕಿದ್ದೀರಾ?" ಎಂದು ಕೇಳಿದಳು. ನಾನು ತರ್ಜುಮೆ ಮಾಡಿ ಹೇಳಿದೆ. ಅಪ್ಪ ಅಂದಿನಿಂದ ಬಸ್ಕಿ ಬಿಟ್ಟರು. ಬಾಲ್ಕನಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಪಾರ್ಕಿಂಗ್ ಲಾಟ್ ನೋಡುವುದು, ಊಟ ಮಾಡುವುದು, ಮಲಗುವುದು. ಎರಡು ವಾರ ಕಳೆದ ಮೇಲೆ ರಘುವಿಗೆ, "ನನ್ನ ಟಿಕೆಟ್ಟು ಪ್ರೀಪೋನ್ ಮಾಡ್ಸಕ್ಕಾಗತ್ತಾ ನೋಡಪ್ಪ," ಅಂದರು. ರಘು ನನ್ನನ್ನು ಅಡುಗೆಮನೆಗೆ ಕರೆದು, "ಮಾವ ಫುಲ್ ಬೋರ್ ಆಗಿದ್ದಾರೆ ಕಣೆ. ನೀನು ಬೆಳಿಗ್ಗೆ ಪಾರ್ಕಿಗೆ ಹೋಗ್ತೀಯಲ್ಲ, ಜೊತೇಲಿ ಕರ್ಕೊಂಡು ಹೋಗು," ಅಂದ.

ತೊಡಕಿದ್ದದ್ದೇ ಅಲ್ಲಿ. ಪಾರ್ಕಿಗೆ ನಾನು ಏತಕ್ಕೆ ಹೋಗುತ್ತೇನೆಂದು ಅಪ್ಪನಿಗೆ ಹೇಳಿರಲಿಲ್ಲ. ವಾಕಿಂಗ್ ಎಂದಿದ್ದೆ.

ಮೂರು ವರ್ಷದ ಹಿಂದೆ, ಡ್ರೈವಿಂಗ್ ಕಲಿಯುವಾಗ, ಆ ಪಾರ್ಕಿನ ಖಾಲಿ ಲಾಟಿನಲ್ಲಿ ಕಾರು ಹಿಂದಕ್ಕೆ ತೆಗೆಯುವುದನ್ನು ಒಬ್ಬಳೇ ಅಭ್ಯಾಸ ಮಾಡುತ್ತಿದ್ದೆ. ಹಿಂದಕ್ಕೆ ಹೋದ ಕಾರು ಲಾಟು ದಾಟಿ ಹುಲ್ಲಿಗೆ ಹತ್ತಿ ಪೈನ್ ಮರವೊಂದಕ್ಕೆ ಒಂದು ಗೇಣು ದೂರದಲ್ಲಿ ನಿಂತಿತು. ಆ ಮರದ ಸುತ್ತ ಒಬ್ಬ ಮುದುಕಿ ನಡೆಯುತ್ತಿದ್ದರು. ಗಾಬರಿಯೇನೂ ಆಗದೆ ಬಂದು ಕಿಟಕಿ ತಟ್ಟಿದರು. ಬೈಯುತ್ತಾರೆಂದುಕೊಂಡೆ. "ನಿನ್ನ ಭುಜ ಎರಡೂ ಕಿವಿಗೆ ಅಂಟಿವೆ. ಹಾಗೆ ಓಡಿಸಿದರೆ ಕಾರು ಎಲ್ಲಿಗೆ ಹೋಗಬೇಕು? ಇಳಿ," ಅಂದರು. ಇಳಿದೆ. ನಿಲ್ಲಿಸಿದರು. ಮಂಡಿ ಸ್ವಲ್ಪ ಸಡಿಲ, ಕೈಗಳು ದೊಡ್ಡ ಮಡಕೆ ತಬ್ಬಿದ ಹಾಗೆ. ಐದು ನಿಮಿಷಕ್ಕೆ ಕಾಲು ನಡುಗಿ ಕಣ್ಣಲ್ಲಿ ನೀರು ಬಂತು. "ನಾಳೆ ಆರೂವರೆಗೆ ಬಾ," ಅಂದರು.

ಅವರೇ ಫಾಂಗ್ ಮೇಡಂ. ವಯಸ್ಸು ಎಪ್ಪತ್ತು. ನನ್ನ ಭುಜದವರೆಗೂ ಬರುತ್ತಿರಲಿಲ್ಲ. ಗಂಡಸರ ಅಂಗಿ, ಕಪ್ಪು ಬಟ್ಟೆಯ ಬೂಟು, ಹೆಗಲ ಮೇಲೆ ಒಂದು ಬಿಳಿ ಟವೆಲ್. ಒಂಬತ್ತು ಗಂಟೆಯಿಂದ ಒಂದು ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಬಟ್ಟೆ ಹೊಲಿಯುತ್ತಿದ್ದರು. ಅದಕ್ಕೂ ಮೊದಲು, ಪ್ರತಿ ಬೆಳಿಗ್ಗೆ, ಆ ಪೈನ್ ಮರಗಳ ಕೆಳಗೆ ಬಂದವರಿಗೆಲ್ಲ ತಾಯ್ ಚಿ ಕಲಿಸುತ್ತಿದ್ದರು. ಅದರ ಜೊತೆಗೆ ಮರದ ಸುತ್ತ ವೃತ್ತವಾಗಿ ನಡೆಯುವ ಇನ್ನೊಂದು ವಿದ್ಯೆ. ಎರಡೂ ಚೀನಾದವರು ಒಳಗಿನ ಬಲದ ಕಲೆ ಎನ್ನುವ ಜಾತಿಯವು; ನೋಡಲು ನಿಧಾನ, ಮೆತ್ತಗೆ, ಆದರೆ ಮೂಲತಃ ಕಾದಾಟವೇ. ಚಿಕ್ಕಂದಿನಲ್ಲಿ ಅವರಿಗೆ ಉಬ್ಬಸವಂತೆ. ಈ ಹುಡುಗಿ ಬದುಕುವುದಿಲ್ಲ ಎಂದು ವೈದ್ಯರು ಕೈಬಿಟ್ಟಾಗ ಅವರ ಚಿಕ್ಕಪ್ಪ ಅಂಗಳಕ್ಕೆ ಎತ್ತಿಕೊಂಡು ಹೋಗಿ ನಿಲ್ಲಿಸಿದರಂತೆ. "ಮೂರು ತಿಂಗಳು ಬರೀ ನಿಂತೆ. ಬೇರೇನೂ ಕಲಿಸಲಿಲ್ಲ. ಬದುಕಿಬಿಟ್ಟೆ," ಎನ್ನುತ್ತಿದ್ದರು. ಹದಿನೇಳನೇ ವಯಸ್ಸಿಗೆ ಬೇರೆಯವರಿಗೆ ಹೇಳಿಕೊಡಲು ನಿಂತವರು ಮತ್ತೆ ನಿಲ್ಲಿಸಲಿಲ್ಲ. ತೈವಾನಿನ ಶಾಲೆಯ ಮೈದಾನದಲ್ಲಿ, ಆಮೇಲೆ ಇಪ್ಪತ್ತು ವರ್ಷ ವಾಷಿಂಗ್ಟನ್ನಿನ ಹತ್ತಿರ ನದೀ ದಡದ ಪಾರ್ಕಿನಲ್ಲಿ, ಆಮೇಲೆ ಮಗನ ಜೊತೆ ಬಂದು ಇಲ್ಲಿ.

ಇದನ್ನು ಅಪ್ಪನಿಗೆ ಯಾಕೆ ಹೇಳಿರಲಿಲ್ಲವೆಂದರೆ, ನನಗೆ ಒಂಬತ್ತು ವರ್ಷವಿದ್ದಾಗ ಅವರ ಗರಡಿಗೆ ಟಿಫಿನ್ ಕ್ಯಾರಿಯರ್ ತೆಗೆದುಕೊಂಡು ಹೋಗುವ ಕೆಲಸ ನನ್ನದಾಗಿತ್ತು. ಬಾಗಿಲಲ್ಲಿ ಇಟ್ಟು ಬರಬೇಕು, ಒಳಗೆ ಕಾಲಿಡಬಾರದು; ಹೆಣ್ಣುಮಕ್ಕಳಿಗೆ ಅಲ್ಲಿ ಪ್ರವೇಶವಿಲ್ಲ. ಒಂದು ದಿನ ಒಳಗಿನ ಕೆಮ್ಮಣ್ಣು, ಎಣ್ಣೆ ಹಚ್ಚಿದ ಮೈಗಳು, ಧಪ್ ಧಪ್ ಎನ್ನುವ ಸದ್ದು ನೋಡುತ್ತ ನೋಡುತ್ತ ಹೊಸ್ತಿಲು ದಾಟಿಬಿಟ್ಟೆ. ಹುಡುಗರು ಹೋ ಎಂದು ಕೂಗಿದರು. ಅಪ್ಪ ಬೈಯಲಿಲ್ಲ. ನನ್ನ ಕಾಲನ್ನೇ ಒಂದು ಗಳಿಗೆ ನೋಡಿ ಮುಖ ತಿರುಗಿಸಿದರು. ಮಾರನೇ ದಿನದಿಂದ ಟಿಫಿನ್ ಕ್ಯಾರಿಯರ್ ಪಕ್ಕದ ಮನೆಯವರ ಕೈಗೆ ಹೋಯಿತು. ಆ ಮಾತನ್ನು ನಾವಿಬ್ಬರೂ ಮತ್ತೆ ಎತ್ತಿರಲಿಲ್ಲ.

ಅಂತೂ ಜೂನ್ ಮೊದಲ ವಾರದ ಒಂದು ಬೆಳಿಗ್ಗೆ ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ದಾರಿಯಲ್ಲಿ, "ಅಪ್ಪ, ಅದು ವಾಕಿಂಗ್ ಅಲ್ಲ," ಎಂದು ಹೇಳಿ, ಏನೆಂದು ಹೇಳಿದೆ. ಅವರು ಕಿಟಕಿಯಿಂದಾಚೆ ನೋಡುತ್ತಿದ್ದರು. "ಹೂಂ," ಅಂದರು, ಅಷ್ಟೆ.

ಅಟ್ಲಾಂಟಾದ ಜೂನ್ ಬೆಳಗು ಎಂದರೆ ಒದ್ದೆ ಟವೆಲ್ಲನ್ನು ಮುಖಕ್ಕೆ ಹಿಡಿದ ಹಾಗೆ. ಕೆರೆಯ ಮೇಲೆ ಹಬೆ, ಕಾಲ ಕೆಳಗೆ ಪೈನ್ ಎಲೆಗಳ ಮೆತ್ತೆ, ಜೀರುಂಡೆಗಳ ಗದ್ದಲ. ಅಪ್ಪ ಬೆಂಚಿನ ಮೇಲೆ ಕೈಕಟ್ಟಿ ಕೂತರು. ನಾವು ಹನ್ನೊಂದು ಜನ ಮೇಡಂ ಹಿಂದೆ ಸಾಲಾಗಿ ನಿಂತು ಕೈ ಎತ್ತಿದೆವು, ಇಳಿಸಿದೆವು, ತಿರುಗಿದೆವು. ನನ್ನ ಬೆನ್ನಿಗೆ ಅಪ್ಪನ ಕಣ್ಣು ಕಂಬಳಿಯ ಹಾಗೆ ಚುಚ್ಚುತ್ತಿತ್ತು. ಕೊನೆಯಲ್ಲಿ ನಾಲ್ಕು ಜನ ಮರಗಳ ಸುತ್ತ ಸುತ್ತು ಹಾಕಿದರು.

ಮನೆಗೆ ಬರುವಾಗ ಅಪ್ಪ ಬಾಯಿಬಿಟ್ಟರು. "ನೀರಲ್ಲಿ ಮುಳುಗಿದೋರ ಥರ ಆಡ್ತೀರಲ್ಲಮ್ಮ. ಬೆಳಿಗ್ಗೆ ಕೈ ಎತ್ತಿದ್ರೆ ಏಟು ಬೀಳೋದು ಯಾವಾಗ, ಸಂಜೆಗಾ?"

ನಾನು ಇಂಡಿಕೇಟರ್ ಹಾಕಿ ಎಡಕ್ಕೆ ತಿರುಗಿಸಿದೆ.

"ಮತ್ತೆ ಆ ಮರ ಸುತ್ತೋರು? ಮಕ್ಕಳಾಗಲಿ ಅಂತ ಹರಕೆನಾ?"

ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ. ಆದರೆ ಅದೇ ನಾನು ಗಮನಿಸಿದ್ದು: ಒಂದು ವರ್ಷದಲ್ಲಿ ಅಪ್ಪ ಆಡಿದ ಮೊದಲ ತಮಾಷೆ ಅದು. ಮಾರನೇ ಬೆಳಿಗ್ಗೆ ಆರಕ್ಕೆ ನೋಡಿದರೆ ಸ್ನಾನ ಮಾಡಿ, ಪಂಚೆ ಬಿಟ್ಟು ಪ್ಯಾಂಟು ಹಾಕಿಕೊಂಡು, ಶೂ ಹತ್ತಿರ ನಿಂತಿದ್ದರು.

ನಾಲ್ಕನೇ ದಿನ ಕಾರಿನಲ್ಲಿ, "ಆಯಮ್ಮ ಸುಮ್ಮನೆ ಅಲ್ಲ," ಅಂದರು. "ಹಿಮ್ಮಡಿ ನೋಡಿದ್ಯಾ? ತೂಕ ಒಂದು ಕಾಲಿಂದ ಇನ್ನೊಂದು ಕಾಲಿಗೆ ಹೋಗಿದ್ದು ಗೊತ್ತೇ ಆಗಲ್ಲ. ಆ ಉದ್ದನೆಯೋನು ಇದಾನಲ್ಲ, ಅವನದು ಬರೀ ಕೈ. ಆಯಮ್ಮಂದು ಕೈ ಆಡೋದೇ ಇಲ್ಲ, ಕಾಲು ಆಡ್ಸತ್ತೆ."

ಉದ್ದನೆಯವನು ಗ್ರೆಗ್, ಹತ್ತು ವರ್ಷದಿಂದ ಮೇಡಂ ಹತ್ತಿರ ಕಲಿಯುತ್ತಿದ್ದ ಅಮೆರಿಕನ್, ನಮ್ಮಲ್ಲೆಲ್ಲ ಚೆನ್ನಾಗಿ ಆಡುವವನು. ನಾನು ನನ್ನದು ಹೇಗಿದೆಯೆಂದು ಕೇಳಲು ಬಾಯಿ ತೆರೆದು ಮುಚ್ಚಿಕೊಂಡೆ.

ಆ ಶನಿವಾರ ಪಾಠ ಮುಗಿದ ಮೇಲೆ ಮೇಡಂ ನೇರ ಬೆಂಚಿನ ಹತ್ತಿರ ಹೋದರು. ಅಪ್ಪನ ಕಿವಿಯತ್ತ ಬೆರಳು ತೋರಿಸಿ, ತಮ್ಮ ಎರಡು ಕೈ ಹೆಣೆದು ತಿರುಚಿ, ಹುಬ್ಬು ಎತ್ತಿದರು. ಕುಸ್ತಿಯೋ ಎಂದು ಪ್ರಶ್ನೆ. ಅಪ್ಪ ಹೌದೆಂದು ತಲೆ ಆಡಿಸಿದರು. ಮೇಡಂ ಮುಖ ಹಬ್ಬದ ಹಾಗೆ ಅರಳಿತು. "ಎಲ್ಲಿ?" ಅಂದರು. "ಮೈಸೂರು," ಅಂದರು ಅಪ್ಪ. "ಮಿಸ್ಟರ್ ಮೈಸೂರು, ಬನ್ನಿ," ಎಂದು ಕೈ ಮುಂದೆ ಚಾಚಿದರು.

ನಮ್ಮ ಪಾಠದಲ್ಲಿ ಇಬ್ಬರು ಎದುರುಬದುರು ನಿಂತು, ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ, ಒಬ್ಬರನ್ನೊಬ್ಬರು ಮೆತ್ತಗೆ ತಳ್ಳಿ ಬೀಳಿಸುವ ಆಟವಿತ್ತು. ನಾನು ವಿವರಿಸಿದೆ. ಅಪ್ಪ ಎರಡು ಹೆಜ್ಜೆ ಹಿಂದೆ ಸರಿದರು. "ಹೆಂಗಸರ ಮೈ ಮುಟ್ಟಿ ಕುಸ್ತಿ ಆಡೋದಾ? ಆಗಲ್ಲ ಅನ್ನು. ತಪ್ಪು ತಿಳ್ಕೋಬೇಡಿ ಅನ್ನು."

ಹೇಳಿದೆ. ಮೇಡಂ ಯೋಚಿಸಿದರು. ಹೆಗಲ ಮೇಲಿನ ಟವೆಲ್ ತೆಗೆದು ಒಂದು ತುದಿ ತಾವು ಹಿಡಿದು ಇನ್ನೊಂದು ತುದಿ ಅಪ್ಪನತ್ತ ಎಸೆದರು.

ಅಪ್ಪ ನನ್ನ ಮುಖ ನೋಡಿದರು, ಮೇಡಂ ಮುಖ ನೋಡಿದರು. ಟವೆಲ್ ಹಿಡಿದರು. ಶೂ ಬಿಚ್ಚಿ ಕಾಲಗಲಿಸಿ ನಿಂತರು. ಎಲ್ಲರೂ ಸುತ್ತ ಸೇರಿದರು. ಎಪ್ಪತ್ತರ ಮುದುಕಿಯನ್ನು ನೋಯಿಸಬಾರದೆಂದು ಅಪ್ಪ ಮೊದಲು ಎರಡು ಬೆರಳಲ್ಲಿ ಎಳೆದರು. ಮೇಡಂ ಕದಲಲಿಲ್ಲ. ಆಮೇಲೆ ಒಂದು ಕೈ. ಊಹೂಂ. ಅಪ್ಪ ಹಲ್ಲು ಕಚ್ಚಿ ಎರಡು ಕೈಯಲ್ಲಿ ಜಗ್ಗಿದರು. ಜಗ್ಗಿದ ಕಡೆಗೇ ಮೇಡಂ ಹಗುರವಾಗಿ ಒಂದು ಹೆಜ್ಜೆ ಬಂದರು, ಅಷ್ಟೆ. ಎಳೆತಕ್ಕೆ ಎದುರಾಗಿ ಏನೂ ಇಲ್ಲದೆ ಮೈಸೂರಿನ ಪೈಲ್ವಾನ್ ನಂಜಪ್ಪನವರು ಪೈನ್ ಎಲೆಗಳ ಮೇಲೆ ಧೊಪ್ಪನೆ ಕೂತುಬಿಟ್ಟರು.

ನಾನು ಮುಖ ಮುಚ್ಚಿಕೊಂಡೆ.

ಆಮೇಲೆ ಆ ಸದ್ದು ಬಂತು. ಎಲ್ಲೋ ಬಾವಿಯ ತಳದಿಂದ ಶುರುವಾಗಿ ಮೇಲಕ್ಕೆ ಬಂದಂಥ ನಗು. ಅಪ್ಪ ಕೂತಲ್ಲೇ ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಎದ್ದು, ಹಿಂದಿನ ಮಣ್ಣು ಕೊಡವಿ, ಟವೆಲ್ ತುದಿ ಮತ್ತೆ ಹಿಡಿದರು. ಎರಡನೇ ಸಲವೂ ಕೂತರು. ಮೂರನೇ ಸಲ ಅಪ್ಪ ಎಳೆಯಲೇ ಇಲ್ಲ. ಸುಮ್ಮನೆ ನಿಂತರು. ಮೇಡಂ ಕಾದರು, ಅಪ್ಪನೂ ಕಾದರು. ಮೇಡಂ ಒಂದು ಎಳೆ ಬಿಗಿ ಮಾಡಿದ್ದೇ ತಡ, ಅಪ್ಪ ಅದರ ಜೊತೆಗೇ ಜಾರಿ ಪಕ್ಕಕ್ಕೆ ತಿರುಗಿ ಸೊಂಟ ಕೆಳಗಿಳಿಸಿದರು. ಮೇಡಂ ಮೂರು ಹೆಜ್ಜೆ ಓಡಿ ಲಿಂಡಾಳ ತೋಳಿಗೆ ಬಿದ್ದರು. ಲಿಂಡಾ ನಮ್ಮಲ್ಲಿ ನರ್ಸ್, ಗಟ್ಟಿ ಆಳು. ಮೇಡಂ ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದರು.

"ಪದ್ಮಾ, ಕೇಳು ಆಯಮ್ಮನ್ನ," ಅಂದರು ಅಪ್ಪ, ಏದುಸಿರಿನಲ್ಲಿ. "ಅವರ ಉಸ್ತಾದ್ ಯಾರು ಅಂತ ಕೇಳು."

ಆ ಬೇಸಿಗೆ ಆಮೇಲೆ ಓಡಿತು. ಟಿಕೆಟ್ಟಿನ ಸುದ್ದಿ ಮತ್ತೆ ಬರಲಿಲ್ಲ. ಅಪ್ಪ ಮೇಡಂ ಅವರನ್ನು ಫಾಂಗಮ್ಮ ಎಂದು ಕರೆದರು; ಮೇಡಂ ಅದನ್ನು ಯಾವುದೋ ದೊಡ್ಡ ಬಿರುದೆಂದು ತಿಳಿದು ಗ್ರೆಗ್‌ಗೂ ಹಾಗೆ ಕರೆಯಲು ಹೇಳಿದರು. ನಾನು ಸರಿಪಡಿಸಲು ಹೋಗಲಿಲ್ಲ. ಇಬ್ಬರೂ ತಂತಮ್ಮ ಭಾಷೆಯಲ್ಲಿ ಮಾತಾಡುತ್ತ, ಕೈಯಲ್ಲಿ ತೋರಿಸುತ್ತ, ಒಬ್ಬರ ಕಾಲನ್ನು ಇನ್ನೊಬ್ಬರು ನೋಡುತ್ತ ಅರ್ಧ ಗಂಟೆ ಕಳೆಯುತ್ತಿದ್ದರು. ಅಪ್ಪನ ಹಳೇ ಭುಜದ ನೋವಿಗೆ ಫಾಂಗಮ್ಮ ತಾವೇ ಬೇರು ತೊಗಟೆ ನೆನೆಹಾಕಿ ಮಾಡಿದ ಎಣ್ಣೆ ಕೊಟ್ಟರು. ನಮ್ಮ ಅಪಾರ್ಟ್‌ಮೆಂಟು, ಕಾರು, ರಘುವಿನ ಆಫೀಸ್ ಶರಟು ಎಲ್ಲ ಅದೇ ವಾಸನೆ.

ಜುಲೈನಲ್ಲಿ ಅಪ್ಪ ರಘುವನ್ನು ಹಾರ್ಡ್‌ವೇರ್ ಅಂಗಡಿಗೆ ಕರೆದುಕೊಂಡು ಹೋಗಿ ಒಂದು ಚೀಲ ಸಿಮೆಂಟು, ಸನಿಕೆಯ ಹಿಡಿ ತಂದರು. ಐಸ್‌ಕ್ರೀಮಿನ ದೊಡ್ಡ ಡಬ್ಬಿಯಲ್ಲಿ ಸಿಮೆಂಟು ಕಲಸಿ ಹಿಡಿ ನೆಟ್ಟು ಒಣಗಿಸಿ ಗದೆ ಮಾಡಿದರು. ಅದನ್ನು ಹೆಗಲ ಮೇಲಿಟ್ಟುಕೊಂಡು ಪಾರ್ಕಿನಲ್ಲಿ ನಡೆದು ಬರುವಾಗ ಜಾಗಿಂಗ್ ಮಾಡುವವರು ದಾರಿ ಬಿಟ್ಟು ಹುಲ್ಲಿಗೆ ಇಳಿದು ಓಡುತ್ತಿದ್ದರು. ಫಾಂಗಮ್ಮ ಪಾಠದ ಕೊನೆಯ ಇಪ್ಪತ್ತು ನಿಮಿಷ ಅಪ್ಪನಿಗೆ ಬಿಟ್ಟುಕೊಟ್ಟರು. ಗದೆ ತಿರುಗಿಸುವುದು, ದಂಡ, ಬಸ್ಕಿ. ಹೆಂಗಸರಿಗೆ ಹೇಗೆ ಹೇಳಿಕೊಡುವುದೆಂದು ಅಪ್ಪ ಮೊದಲು ತಡವರಿಸಿದರು. "ನಾನೂ ಹೆಂಗಸೇ. ನನ್ನ ಕೈಲಿ ಎರಡು ಸಲ ಬಿದ್ದಿದ್ದೀರಿ," ಅಂದರು ಫಾಂಗಮ್ಮ. ನಾನು ತರ್ಜುಮೆ ಮಾಡಿದೆ. ಅಪ್ಪ ತಲೆ ಕೆರೆದುಕೊಂಡು ಲಿಂಡಾಳನ್ನು ಕರೆದರು.

ಅವಳಿಗೆ ಚೆನ್ನಾಗಿಯೇ ಹೇಳಿಕೊಟ್ಟರು. ಬಸ್ಕಿ ಹೊಡೆಯುವಾಗ ಮಂಡಿ ಎಲ್ಲಿರಬೇಕು, ಉಸಿರು ಯಾವಾಗ ಬಿಡಬೇಕು, ಎಲ್ಲ. ತಪ್ಪಿದರೆ ಕಡ್ಡಿಯಲ್ಲಿ ತೋರಿಸಿ ತಿದ್ದಿದರು. ಸರಿಬಂದಾಗ "ಭಲೇ!" ಅಂದರು. ಲಿಂಡಾ ಮುಖವೆಲ್ಲ ಕೆಂಪಾಗಿ ಹಿಗ್ಗಿದಳು. ನಾನು ಪಕ್ಕದಲ್ಲಿ ನಿಂತು ಒಂದೊಂದು ಮಾತನ್ನೂ ಇಂಗ್ಲಿಷಿಗೆ ತಿರುಗಿಸುತ್ತಿದ್ದೆ. ಒಂದು ವಾರ ಕಳೆಯಿತು, ಎರಡು ವಾರ. ನನ್ನನ್ನು ಒಮ್ಮೆಯೂ ಕರೆಯಲಿಲ್ಲ.

ಒಂದು ದಿನ ಕಾರು ಸ್ಟಾರ್ಟ್ ಮಾಡಿದವಳು ಹಾಗೇ ಆಫ್ ಮಾಡಿದೆ. "ಅಪ್ಪ, ಲಿಂಡಾಗೆ ಹೇಳಿಕೊಟ್ರಿ. ಲೈಬ್ರರೀಲಿ ಕೆಲಸ ಮಾಡೋ ಆ ಅರವತ್ತು ವರ್ಷದ ಆಂಟಿಗೂ ಹೇಳಿಕೊಟ್ರಿ. ನಾನು ಮಾತ್ರ ಇನ್ನೂ ಟಿಫಿನ್ ಕ್ಯಾರಿಯರ್ ಹಿಡ್ಕೊಂಡು ಬಾಗಿಲಲ್ಲೇ ನಿಂತಿದೀನಿ."

ಮನೆ ತಲುಪುವವರೆಗೂ ಅಪ್ಪ ಒಂದು ಮಾತು ಆಡಲಿಲ್ಲ; ಆ ದಿನ, ಮಾರನೇ ದಿನವೂ. ಹೇಳಬಾರದಿತ್ತೇನೋ ಎಂದು ನಾನು ಅನ್ನ ಬಡಿಸುವಾಗೆಲ್ಲ ಅಂದುಕೊಂಡೆ.

ಆಗಸ್ಟಿನ ಮೊದಲ ವಾರ ಇನ್ನೊಂದು ಸುದ್ದಿ ಬಂತು. ಪಾಠ ಮುಗಿದು ಎಲ್ಲರೂ ನೀರು ಕುಡಿಯುತ್ತಿದ್ದಾಗ ಫಾಂಗಮ್ಮ, ಮಗನಿಗೆ ಷಾರ್ಲಟ್‌ನಲ್ಲಿ ಕೆಲಸ ಸಿಕ್ಕಿದೆ, ತಿಂಗಳ ಕೊನೆಗೆ ನಾವು ನಾರ್ತ್ ಕ್ಯಾರೊಲೈನಾಕ್ಕೆ ಹೋಗುತ್ತೇವೆ, ಅಂದರು. ಲಿಂಡಾ ಅತ್ತಳು. ಗ್ರೆಗ್, "ಹಾಗಾದರೆ ಕ್ಲಾಸು?" ಎಂದು ಕೇಳಿದ. ಎಲ್ಲರೂ ಗ್ರೆಗ್‌ನನ್ನೇ ನೋಡುತ್ತಿದ್ದೆವು.

"ಕ್ಲಾಸು ಇರುತ್ತದೆ. ಪದ್ಮಾ ನಡೆಸುತ್ತಾಳೆ," ಅಂದರು ಫಾಂಗಮ್ಮ.

ನನ್ನ ಕೈಲಿದ್ದ ಬಾಟಲಿಯಿಂದ ನೀರು ಶೂ ಮೇಲೆ ಸುರಿಯಿತು. "ಮೇಡಂ, ನನಗೆ ಬರಲ್ಲ. ಗ್ರೆಗ್ ಇದಾನೆ, ಹತ್ತು ವರ್ಷದಿಂದ..."

"ಹೌದು. ಗ್ರೆಗ್ ನಿನಗಿಂತ ತುಂಬಾ ಚೆನ್ನಾಗಿ ಆಡುತ್ತಾನೆ. ನೀನು ಅಷ್ಟಕ್ಕಷ್ಟೆ." ಅವರಿಗೆ ಸುತ್ತುಬಳಸು ಗೊತ್ತಿರಲಿಲ್ಲ. "ಆದರೆ ನೀನು ಬರುತ್ತೀಯ. ಮಳೆಯಲ್ಲಿ ಬರುತ್ತೀಯ. ಐಸ್ ಬಿದ್ದ ದಿನ ನಾನು, ನೀನು, ಇಬ್ಬರೇ ಇದ್ದೆವು. ಹೊಸಬರು ಬಂದರೆ ನೀನು ಹೆಸರು ಕೇಳುತ್ತೀಯ. ಗ್ರೆಗ್ ಅವರನ್ನು ಬೀಳಿಸಿ ನೋಡುತ್ತಾನೆ." ಗ್ರೆಗ್ ಮುಖ ಕೆಂಪಾಯಿತು, ಒಂದು ಗಳಿಗೆಯ ಮೇಲೆ ನಕ್ಕು, "ನಿಜ," ಎಂದ. ನಾನು ಆಗುವುದಿಲ್ಲ, ಯೋಚಿಸಿ ಹೇಳುತ್ತೇನೆ, ಎಂದು ಏನೇನೋ ಹೇಳಿ ಕಾರಿಗೆ ಓಡಿದೆ.

ಅಪ್ಪನಿಗೆ ಇಂಗ್ಲಿಷ್ ಬಾರದಿದ್ದರೂ ನಡೆದದ್ದು ತಿಳಿದಿತ್ತು. ಮನೆಗೆ ಬಂದು ಶೂ ಬಿಚ್ಚುತ್ತ, "ಏನಂತೆ?" ಎಂದು ಕೇಳಿದರು. ಹೇಳಿದೆ. "ನೀನೇನಂದೆ?" "ನನ್ನ ಕೈಲಾಗಲ್ಲ ಅಂದೆ."

ಅಪ್ಪ ಬಿಚ್ಚಿದ ಶೂಗಳನ್ನು ಗೋಡೆಗೆ ಜೋಡಿಸಿಟ್ಟರು.

"ಆವತ್ತು ನೀನು ಹೊಸಲು ದಾಟಿದೆಯಲ್ಲ," ಅಂದರು. "ಎಡಗಾಲು ಮುಂದಿಟ್ಟಿದ್ದೆ. ತೂಕ ಎಲ್ಲ ಹಿಂದಿನ ಕಾಲಲ್ಲೇ ಇಟ್ಕೊಂಡಿದ್ದೆ. ಯಾರಾದ್ರೂ ತಳ್ಳಿದ್ರೂ ಬೀಳ್ತಿರಲಿಲ್ಲ. ಹುಡುಗರಿಗೆ ಅದನ್ನ ಕಲಿಸಕ್ಕೆ ನಂಗೆ ಒಂದು ವರ್ಷ ಬೇಕು ಕಣಮ್ಮ. ನಿಂಗೆ ಯಾರೂ ಹೇಳ್ಕೊಟ್ಟಿರಲಿಲ್ಲ."

ನಾನು ಅವರ ಎದುರು ನೆಲದ ಮೇಲೆ ಕೂತೆ.

"ಕೋಪ ಬಂತು. ನಿನ್ನ ಮೇಲಲ್ಲ. ನಮ್ಮ ಉಸ್ತಾದ್ರು ಹಾಕಿದ ಕಟ್ಟು, ಮುರಿಯೋ ಧೈರ್ಯ ನನಗಿರಲಿಲ್ಲ. ನೀನು ಕಣ್ಣಿಗೆ ಬೀಳದೇ ಇದ್ರೆ ಸರಿ ಅಂತ ಟಿಫಿನ್ ನಿಲ್ಲಿಸಿದೆ. ಇಲ್ಲಿ ಬಂದ ಮೇಲೂ ಅಷ್ಟೆ. ಲಿಂಡಾಗೆ ಹೇಳ್ಕೊಡೋದು ಸುಲಭ. ನಿನ್ನ ಮುಂದೆ ಯಾವ ಮುಖ ಇಟ್ಕೊಂಡು ನಿಲ್ಲಲಿ?"

ಅಮ್ಮ ಸತ್ತಾಗಲೂ ಅಳದ ಮನುಷ್ಯ. ಕಣ್ಣೊರೆಸಿಕೊಳ್ಳಲಿಲ್ಲ, ಹಾಗೇ ಬಿಟ್ಟರು. ಆಮೇಲೆ ಎದ್ದು ನಿಂತು, "ಸೋಫಾ ಸರಿಸು," ಅಂದರು.

"ಈಗಲೇನಾ? ಅಡುಗೆ..."

"ಸರಿಸಮ್ಮ. ಮನೇಲಿರೋ ರಜಾಯಿ ಎಲ್ಲ ತಾ. ಮೊದಲು ಬೀಳೋದು ಕಲಿ. ಬೀಳಕ್ಕೆ ಹೆದರೋರು ಇನ್ನೊಬ್ಬರನ್ನ ನಿಲ್ಲಿಸಕ್ಕಾಗಲ್ಲ."

ಆ ಮೂರು ವಾರ ನಮ್ಮ ಹಾಲಿನಲ್ಲಿ ರಜಾಯಿಗಳ ಮೇಲೆ ನಾನು ಬಿದ್ದಷ್ಟು ಯಾರೂ ಬಿದ್ದಿರಲಿಕ್ಕಿಲ್ಲ. ಮುಂದಕ್ಕೆ, ಹಿಂದಕ್ಕೆ, ಪಕ್ಕಕ್ಕೆ. ಕೆಳಗಿನ ಮನೆಯ ಹೆಂಗಸಿಗೆ ಒಂದು ಡಬ್ಬಿ ಮೈಸೂರ್ ಪಾಕ್ ಮಾಡಿ ಕೊಟ್ಟು, ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಅನುಮತಿ ಪಡೆದೆ. ಅಪ್ಪ ನನ್ನ ಭುಜ ಹಿಡಿದು ತಿರುಗಿಸಿದರು, ಕಾಲಿಗೆ ಕಾಲು ಕೊಟ್ಟು ಕೆಡವಿದರು, ಕೈ ಕೊಟ್ಟು ಎಬ್ಬಿಸಿದರು. ನನಗೆ ಮೂವತ್ತೊಂದು ವರ್ಷ. ಮೈ ತುಂಬ ನೀಲಿ ಕಲೆ, ಅಷ್ಟು ಸುಖವಾಗಿ ನಾನು ಯಾವತ್ತೂ ನಿದ್ದೆ ಮಾಡಿರಲಿಲ್ಲ. ಒಂದು ದಿನ ಅವರು ತಳ್ಳಿದಾಗ ನಾನು ಯೋಚಿಸದೆಯೇ ಜಾರಿ ಹೊರಳಿ ಎದ್ದು ಅವರ ಬೆನ್ನ ಹಿಂದೆ ನಿಂತಿದ್ದೆ. "ಭಲೇ!" ಅಂದರು ಅಪ್ಪ. ಅಡುಗೆಮನೆಯಿಂದ ರಘು ಲೋಟ ಬಡಿದು ಸದ್ದು ಮಾಡಿದ.

ಮಾರನೇ ದಿನ ಫಾಂಗಮ್ಮನಿಗೆ ಹೂಂ ಎಂದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ಗೊತ್ತಿತ್ತು," ಎಂದು ಟವೆಲ್‌ನಿಂದ ಮುಖ ಒರೆಸಿಕೊಂಡರು.

ಅವರ ಕೊನೆಯ ಪಾಠದ ದಿನ ಭಾಷಣ, ಉಡುಗೊರೆ ಏನೂ ಇರಲಿಲ್ಲ. ಎಂದಿನ ಹಾಗೆ ಪಾಠ ಮಾಡಿ, ಡ್ರೈಕ್ಲೀನಿಂಗ್ ಅಂಗಡಿಯ ರಸೀತಿಯ ಹಿಂಬದಿಯಲ್ಲಿ ಬರೆದ ಒಂದು ಪಟ್ಟಿ ಕೊಟ್ಟರು. ಹನ್ನೊಂದು ಹೆಸರು. ಪಕ್ಕದಲ್ಲಿ ಒಂದೊಂದು ಸಾಲು: ಇವರಿಗೆ ಬಲ ಮಂಡಿ, ಬಹಳ ಬಗ್ಗಿಸಬೇಡ; ಇವರಿಗೆ ಬಿ.ಪಿ., ಉಸಿರು ಹಿಡಿಯಲು ಬಿಡಬೇಡ. ಲಿಂಡಾ ರಾತ್ರಿ ಪಾಳಿ ಮುಗಿಸಿ ಬಂದಿರುತ್ತಾಳೆ, ಬೈಯಬೇಡ. ಗ್ರೆಗ್, ದಿನಾ ಹೊಗಳಬೇಡ, ವಾರಕ್ಕೊಮ್ಮೆ ಸಾಕು. ನನ್ನ ಹೆಸರೂ ಇತ್ತು. ಭುಜ, ಎಂದು ಬರೆದಿದ್ದರು. ಓದುತ್ತಿದ್ದ ಹಾಗೇ ನಾನು ಭುಜ ಇಳಿಬಿಟ್ಟೆ. ಅವರು ಅಪ್ಪನ ಹತ್ತಿರ ಹೋಗಿ ಚೀನೀ ಭಾಷೆಯಲ್ಲಿ ಏನೋ ಹೇಳಿದರು, ಅಪ್ಪ ಕನ್ನಡದಲ್ಲಿ, "ಹೋಗ್ಬಿಟ್ಟು ಬನ್ನಿ ಫಾಂಗಮ್ಮ. ಮೈಸೂರಿಗೆ ಬನ್ನಿ," ಅಂದರು. ಇಬ್ಬರೂ ತಲೆ ಆಡಿಸಿದರು. ಮಗ ಹಾರನ್ ಮಾಡಿದ. ಬಟ್ಟೆ ಬೂಟಿನ ಆ ಪುಟ್ಟ ಆಕೃತಿ ಲಾಟು ದಾಟಿ ಕಾರು ಹತ್ತಿತು, ತಿರುಗಿ ನೋಡಲಿಲ್ಲ. ಷಾರ್ಲಟ್‌ನಲ್ಲಿ ಅವರು ಮೂರನೇ ದಿನಕ್ಕೇ ಒಂದು ಪಾರ್ಕು ಹುಡುಕಿಕೊಂಡರೆಂದು ಆಮೇಲೆ ಅವರ ಪೋಸ್ಟ್‌ಕಾರ್ಡಿನಿಂದ ತಿಳಿಯಿತು.

ಸೋಮವಾರ ಸಣ್ಣಗೆ ಮಳೆ ಹನಿಯುತ್ತಿತ್ತು. ಆರೂ ಕಾಲಿಗೇ ಹೋಗಿ ಪೈನ್ ಮರದ ಕೆಳಗೆ ನಿಂತೆ. ಯಾರೂ ಬರುವುದಿಲ್ಲ ಎಂದುಕೊಂಡಿದ್ದೆ. ಲಿಂಡಾ ಬಂದಳು, ಆಸ್ಪತ್ರೆಯ ಬಟ್ಟೆಯಲ್ಲೇ. ಲೈಬ್ರರಿ ಆಂಟಿ ಬಂದರು. ಆರೂವರೆಗೆ ಸರಿಯಾಗಿ ಗ್ರೆಗ್‌ನ ಉದ್ದ ಕಾಲು ಕಾರಿನಿಂದಿಳಿಯಿತು. ಏನೂ ಹೇಳದೆ ಮುಂದಿನ ಸಾಲಿನಲ್ಲಿ ನಿಂತ. ಒಟ್ಟು ಆರು ಜನ. ಅಪ್ಪ ಎಂದಿನ ಬೆಂಚಿನಲ್ಲಿದ್ದಾರೆಂದು ನಾನು ಅತ್ತ ನೋಡದೆ ಶುರುಮಾಡಿದೆ.

ಅರ್ಧ ದಾರಿಯಲ್ಲಿ ಮರೆತುಹೋಯಿತು. ಮೂರು ವರ್ಷ ದಿನಾ ಮಾಡಿದ್ದು, ಈಗ ತಲೆ ಪೂರ್ತಿ ಖಾಲಿ. ಕೈ ಗಾಳಿಯಲ್ಲಿ ನಿಂತಿತು. ಹಿಂದೆ ಆರು ಜೊತೆ ಕೈಗಳೂ ನಿಂತವು. ಮಳೆಯ ಸದ್ದು ಬಿಟ್ಟರೆ ಏನಿಲ್ಲ. ಓಡಿಹೋಗೋಣವೆನ್ನಿಸಿತು.

"ನಿಂತ್ಕೊಂಡೇ ಇರಮ್ಮ," ಎಂದು ಹಿಂದಿನಿಂದ ಕನ್ನಡದಲ್ಲಿ ದನಿ ಬಂತು. "ಬರುತ್ತೆ."

ನಿಂತೆ. ಮಂಡಿ ಸಡಿಲ ಬಿಟ್ಟೆ. ಉಸಿರು ಬಿಟ್ಟೆ. ತೂಕ ತಾನಾಗಿ ಎಡಗಾಲಿಗೆ ಹೋಯಿತು, ಎಡಗಾಲು ಹೋದಲ್ಲಿಗೆ ಸೊಂಟ, ಸೊಂಟದ ಹಿಂದೆ ಕೈ. ಬಂತು. ತಿರುಗುವಾಗ ನೋಡಿದೆ: ಬೆಂಚು ಖಾಲಿಯಿತ್ತು. ಎಲ್ಲರಿಗಿಂತ ಹಿಂದಿನ ಸಾಲಿನಲ್ಲಿ, ಬರಿಗಾಲಲ್ಲಿ, ಒದ್ದೆ ಅಂಗಿ ಎದೆಗೆ ಅಂಟಿಕೊಂಡು, ಮೈಸೂರಿನ ಉಸ್ತಾದರು ಎರಡು ಕೈಗಳನ್ನೂ ಮೋಡದ ಹಾಗೆ ಆಡಿಸಲು ಹೆಣಗುತ್ತ ನನ್ನ ಕಾಲನ್ನೇ ನೋಡುತ್ತಿದ್ದರು. ಎಲ್ಲರಿಗಿಂತ ಕೆಟ್ಟದಾಗಿ ಆಡುತ್ತಿದ್ದರು. ನನಗೆ ಆದ ಸಂತೋಷ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

ಪಾಠ ಮುಗಿದಾಗ ಶಿಷ್ಯರು ಗುರುವಿನೆದುರು ಬಲ ಮುಷ್ಟಿಯನ್ನು ಎಡ ಅಂಗೈಯಲ್ಲಿ ಮುಚ್ಚಿ ತಲೆ ಬಾಗಿಸುವುದು ಅಲ್ಲಿಯ ಪದ್ಧತಿ. ಗ್ರೆಗ್ ಬಾಗಿದ, ಲಿಂಡಾ ಬಾಗಿದಳು, ಒಬ್ಬೊಬ್ಬರೂ. ಸಾಲಿನ ಕೊನೆಯಲ್ಲಿ ಅಪ್ಪ ಬಂದರು. ಬೇಡ ಎಂದು ನಾನು ಕೈ ಎತ್ತುವಷ್ಟರಲ್ಲಿ ಮುಷ್ಟಿ ಮುಚ್ಚಿ, ಗಂಟು ಕಿವಿಯ ಆ ದೊಡ್ಡ ತಲೆಯನ್ನು ಬಗ್ಗಿಸಿ, ಮುಖದಲ್ಲಿ ಒಂದು ಎಳೆ ನಗುವೂ ಇಲ್ಲದೆ ಕೇಳಿದರು.

"ನಾಳೆ ಎಷ್ಟೊತ್ತಿಗೆ ಬರ್ಬೇಕು, ಮೇಡಂ?"

"ಆರೂವರೆಗೆ," ಅಂದೆ. "ತಡ ಮಾಡ್ಬೇಡಿ."